ಮಧುಮೇಹವೂ ದೇಹದ ಸಮತೋಲವೂ



ಮಧುಮೇಹವು ಕಣ್ಣನ್ನೂ ಮೂತ್ರಪಿಂಡಗಳನ್ನೂ ಪಾದಗಳನ್ನೂ ಕೆಡಿಸುವುದೆಂಬುದು ಸರ್ವವಿದಿತವು. ಅದು ಕಿವಿಯ ಒಳಭಾಗವನ್ನೂ ಬಾಧಿಸಿ ಮನುಷ್ಯನನ್ನು ಬೀಳಿಸಬಲ್ಲುದೆಂಬುದನ್ನು ಬಲ್ಲವರು ವಿರಳ.

ಮನುಷ್ಯನು ನೆಟ್ಟಗೆ ನಿಲ್ಲುವುದು ಮೂರು ಆಧಾರಗಳಿಂದ: ಕಣ್ಣಿನ ನೋಟ, ಪಾದಗಳ ಸ್ಪರ್ಶಜ್ಞಾನ, ಒಳಗಿವಿಯ ಸಮತೋಲೇಂದ್ರಿಯ. ಒಳಗಿವಿಯಲ್ಲಿ ದ್ರವವು ತುಂಬಿದ ಮೂರು ಅರೆವರ್ತುಲ ನಾಳಗಳೂ, ಸುಣ್ಣದ ಸೂಕ್ಷ್ಮ ಹರಳುಗಳನ್ನು ಹೊತ್ತ ಎರಡು ಚೀಲಗಳೂ ಇರುವುವು. ತಲೆಯು ತಿರುಗಿದೊಡನೆ ನಾಳಗಳೂ, ಬಾಗಿದೊಡನೆ ಚೀಲಗಳೂ ಮೆದುಳಿಗೆ ಸುದ್ದಿಯನ್ನು ಮುಟ್ಟಿಸುವುವು. ಈ ಅಂಗದ ಸಂಶೋಧನೆಗಾಗಿ ವಿಯೆನ್ನಾದ ವೈದ್ಯ ರಾಬರ್ಟ್ ಬರಾನಿಯವರಿಗೆ 1914ನೆಯ ವರ್ಷದ ನೊಬೆಲ್ ಪಾರಿತೋಷಕವು ದೊರೆಯಿತು.

ರಕ್ತದಲ್ಲಿ ಸಕ್ಕರೆಯು ಬಹುಕಾಲ ಮಿತಿಮೀರಿದ್ದರೆ ಕೂದಲೆಳೆಗಿಂತಲೂ ಸೂಕ್ಷ್ಮವಾದ ರಕ್ತನಾಳಗಳೂ ನರಗಳೂ ಕೆಡುವುವು. ಒಳಗಿವಿಯೂ ಇಂತಹ ನಾಳಗಳಿಂದಲೇ ಪೋಷಿತವಾದುದು. ಅಮೆರಿಕಾದಲ್ಲಿ 2001ರಿಂದ 2004ರ ವರೆಗೆ 40 ವರ್ಷ ತುಂಬಿದ 5,000ಕ್ಕೂ ಹೆಚ್ಚು ಜನರನ್ನು ಮೆತ್ತನೆಯ ಹಾಸಿನ ಮೇಲೆ ಕಣ್ಣು ಮುಚ್ಚಿಸಿ ನಿಲ್ಲಿಸಿ ಪರೀಕ್ಷಿಸಲಾಯಿತು. ಅಲ್ಲಿ ನೋಟವೂ ಇಲ್ಲ, ಪಾದವೂ ನೆಚ್ಚಿಗೆಯದಲ್ಲ; ಒಳಗಿವಿಯೊಂದೇ ಗತಿ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ನೂರಕ್ಕೆ ಸುಮಾರು 35 ಮಂದಿಯಲ್ಲಿ ಸಮತೋಲದೋಷವು ಕಂಡುಬಂದಿತು. ಮಧುಮೇಹಿಗಳಲ್ಲಿ ಅದು ಇತರರಿಗಿಂತ ಸ್ಪಷ್ಟವಾಗಿ ಹೆಚ್ಚಾಗಿದ್ದಿತು.

ಒಂದು ಆಧಾರವು ಕುಂದಿದರೆ ಉಳಿದೆರಡು ಕೈಹಿಡಿಯುವುವು. ಆದರೆ ಮಧುಮೇಹವು ಮೂರನ್ನೂ ಕುಂದಿಸಬಲ್ಲುದು; ಅಪಾಯವಿರುವುದು ಇಲ್ಲಿಯೇ. ಹಗಲಿನಲ್ಲಿ ಮಠದ ಮೆಟ್ಟಿಲುಗಳನ್ನು ಸರಾಗವಾಗಿ ಏರಿಳಿಯುವ ಹಿರಿಯರು ರಾತ್ರಿ ದೀಪವಿಲ್ಲದೆ ಹಿತ್ತಿಲಿಗೆ ಹೋಗುವಾಗ, ಇಲ್ಲವೆ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ತೂರಾಡುವುದುಂಟು. ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುವರು. ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದ ಮೇಲೆ ಪರಿತಪಿಸಿ ಫಲವೇನು?

ಆದುದರಿಂದ ಮಧುಮೇಹವುಳ್ಳವರು ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಳ್ಳುವುದರ ಜೊತೆಗೆ, ತಲೆ ತಿರುಗಿದುದನ್ನೂ ಎಡವಿ ಬಿದ್ದುದನ್ನೂ ಮರೆಮಾಚದೆ ವೈದ್ಯರಿಗೆ ತಿಳಿಸತಕ್ಕದ್ದು. ಸಕ್ಕರೆಯು ತೀರ ಇಳಿದರೂ, ಎದ್ದು ನಿಂತೊಡನೆ ರಕ್ತದೊತ್ತಡವು ತಗ್ಗಿದರೂ ತಲೆ ತಿರುಗುವುದುಂಟು. ಈ ಭೇದವನ್ನು ಪರೀಕ್ಷಿಸಿಯೇ ಅರಿಯಬೇಕು. ಸಮತೋಲವನ್ನು ಬಲಪಡಿಸುವ ವ್ಯಾಯಾಮಗಳೂ ಇವೆ; ಅವನ್ನು ಬಲ್ಲವರಿಂದ ಕಲಿತು ದಿನವೂ ಆಚರಿಸತಕ್ಕದ್ದು. ರಾತ್ರಿ ಒಂದು ದೀಪ, ಬಚ್ಚಲಿನಲ್ಲಿ ಒಣಗಿದ ನೆಲ, ಮೆಟ್ಟಿಲಿನ ಬಳಿ ಹಿಡಿಯಲೊಂದು ಕಂಬಿ, ಇವು ಬಡವರ ಮನೆಗೂ ಭಾರವಲ್ಲ. ಊರುಗೋಲನ್ನು ಹಿಡಿಯುವುದು ಹಿರಿಯರಿಗೆ ನಾಚಿಕೆಯಲ್ಲ. ಬಿದ್ದ ಮೇಲೆ ಎತ್ತುವುದಕ್ಕಿಂತ ಬೀಳುವ ಮುನ್ನ ಕೈನೀಡುವುದು ಕಿರಿಯರಿಗೆ ಮಿಗಿಲಾದ ಸೇವೆಯು.