ಹೊಂಡದ ಮೀನು ಪಂಪಿಗೆ ಮುಳುವಾಗದಿರಲಿ

(ಕೂಡಲಸಂಗಮದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕೃಷ್ಣೆಯೂ ಮಲಪ್ರಭೆಯೂ ಕೂಡುವ ಈ ಊರಿನಲ್ಲಿ ನಿಂತು ನೀರಿನ ಕೊರತೆಯ ಮಾತನ್ನಾಡುವುದು ವಿಚಿತ್ರವೆನಿಸಬಹುದು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಸಂಗಮದವರೆಗೂ ಬಂದು ನಿಲ್ಲುತ್ತದೆ. ಆದರೂ ದಂಡೆ ಬಿಟ್ಟು ಒಳಗೆ ಹೋದರೆ ಮಳೆಯನ್ನೇ ನಂಬಿದ ಎರೆ ಹೊಲಗಳು ಬೇಕಾದಷ್ಟಿವೆ. ಇಂಥ ಹೊಲಗಳಿಗಾಗಿಯೇ 2014ರಲ್ಲಿ ಸರಕಾರ ಕೃಷಿ ಭಾಗ್ಯ ಯೋಜನೆ ತಂದಿತು. ಅನೇಕರು ಹೊಂಡ ತೋಡಿಸಿದರು.

ನೀರು ನಿಂತ ಮೇಲೆ ಮೀನು ಬಿಡುವ ಆಸೆ ಸಹಜ. ಬೇಡವೆನ್ನಲು ನಾನು ಬಂದಿಲ್ಲ. ಆದರೆ ಕಡಲೆಗೆ ಒಂದು ನೀರು ಕೊಡಬೇಕಾದ ದಿನವೇ ಪಂಪು ಕಟ್ಟಿಕೊಂಡರೆ ಮೀನಿನ ಲಾಭಕ್ಕಿಂತ ಬೆಳೆಯ ನಷ್ಟವೇ ದೊಡ್ಡದು. ಆದುದರಿಂದ ಮೀನು ಬಿಡುವ ಮೊದಲು ಅದರ ಗುಣ ತಿಳಿಯಿರಿ. ಸಾಮಾನನ್ನು ಅದಕ್ಕೆ ತಕ್ಕಂತೆ ಕಾಪಾಡಿರಿ.

ಯಾವ ಮೀನು ಏನು ಮಾಡುತ್ತದೆ?

ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ಇವು ನಮ್ಮ ದೇಶದ ಮೀನುಗಳು. ಹೆಚ್ಚು ಉಪದ್ರವ ಕೊಡುವುದಿಲ್ಲ. ಸಾಮಾನ್ಯ ಗೆಂಡೆಯ ರೀತಿ ಬೇರೆ. ಅದು ಹುಳು ಹುಡುಕುತ್ತ ಹಂದಿಯಂತೆ ಮೂತಿಯಿಂದ ಕೆಸರು ಕೆದರುತ್ತದೆ. ಒಡ್ಡಿನ ಬುಡದ ಮಣ್ಣನ್ನೂ ಸಡಿಲಿಸುತ್ತದೆ. ನಮ್ಮ ಎರೆ ಮಣ್ಣು ಬಹಳ ನುಣುಪು. ಒಮ್ಮೆ ಕದಡಿದರೆ ಬೇಗ ತಿಳಿಯಾಗುವುದಿಲ್ಲ. ಆ ರಾಡಿ ನೀರು ಪಂಪಿನ ಒಳಗಾಲಿಯನ್ನು ಸವೆಸುತ್ತದೆ, ಹನಿ ನೀರಾವರಿಯ ತೂತುಗಳನ್ನು ಮುಚ್ಚುತ್ತದೆ. 1952ರಲ್ಲಿ ನಮ್ಮ ದೇಶಕ್ಕೆ ಬಂದ ತಿಲಾಪಿಯಾದ ಗಂಡು, ಮೊಟ್ಟೆಗಾಗಿ ತಳದಲ್ಲಿ ಗುಂಡಿ ತೋಡುತ್ತದೆ. ಅದರ ಸಂತತಿ ಬೇಗ ಹೆಚ್ಚಿ, ಸಣ್ಣ ಮರಿಗಳು ಪಂಪಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ.

ಹೀಗಾಗಿ ಮಣ್ಣಿನ ಹೊಂಡಕ್ಕೆ ಹತ್ತು ಮರಿಗಳಲ್ಲಿ ಕಾಟ್ಲಾ 4, ರೋಹು 3, ಮೃಗಾಲ್ 3 ಎಂಬ ಲೆಕ್ಕ ಒಳ್ಳೆಯದು. ಗೆಂಡೆ ಮತ್ತು ತಿಲಾಪಿಯಾಗಳನ್ನು ದೂರವಿಡಿರಿ. ಮಳೆಯ ನೀರು ಒಳಬರುವ ಬಾಯಿಗೆ ಜಾಳಿಗೆ ಕಟ್ಟಿದರೆ ಹಳ್ಳದ ಕಳ್ಳಮೀನು ಸೇರುವುದಿಲ್ಲ.

ಪಂಪನ್ನು ಕಾಪಾಡುವುದು ಹೇಗೆ?

ಪೇಟೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರಿಗೂ ಇದೇ ಕಷ್ಟವುಂಟು. ದೊಡ್ಡ ಮೀನು ಕಲ್ಲು ಉರುಳಿಸಿ, ನೀರು ಬೆಚ್ಚಗೆ ಮಾಡುವ ಗಾಜಿನ ಕೊಳವೆಯನ್ನು ಒಡೆಯುತ್ತದೆ. ಅವರು ಕೊಳವೆಯ ಸುತ್ತ ತೂತುಳ್ಳ ಕವಚ ತೊಡಿಸುತ್ತಾರೆ. ನಾವೂ ಅದನ್ನೇ ಮಾಡೋಣ.

1. ಫುಟ್‌ವಾಲ್ವನ್ನು ತಳಕ್ಕೆ ಬಿಡಬೇಡಿರಿ. ಬಾಯಿ ಮುಚ್ಚಿದ ಖಾಲಿ ಕ್ಯಾನುಗಳನ್ನು ತೇಲಬಿಟ್ಟು, ಹಗ್ಗದಿಂದ ಅದನ್ನು ನೀರಿನ ಮೇಲ್ಮೈಯಿಂದ ಎರಡಡಿ ಕೆಳಗೆ ತೂಗುಹಾಕಿರಿ. ನೀರು ಇಳಿದಂತೆ ಅದೂ ಇಳಿಯುತ್ತದೆ. ತಳದ ರಾಡಿ ಏಳುವುದಿಲ್ಲ. ತಳಕ್ಕೆ ಎರಡಡಿ ಉಳಿದಾಗ ಪಂಪು ನಿಲ್ಲಿಸಿರಿ.

2. ಅದರ ಸುತ್ತ ಕಬ್ಬಿಣದ ಸರಳಿನ ಬುಟ್ಟಿ ಮಾಡಿಸಿ, ನೈಲಾನ್ ಬಲೆ ಸುತ್ತಿರಿ. ಬುಟ್ಟಿ ದೊಡ್ಡದಿದ್ದಷ್ಟೂ ಸೆಳೆತ ಕಡಿಮೆ. ಮರಿಗಳು ಬಲೆಗೆ ಅಂಟಿ ಸಾಯುವುದಿಲ್ಲ. ಬೆರಳುದ್ದದ ಮರಿ ತೂರದಷ್ಟು ಸಣ್ಣ ಕಣ್ಣಿರಲಿ. ಸೊಳ್ಳೆಪರದೆಯ ಬಟ್ಟೆ ಬೇಡ. ಅದು ಪಾಚಿಯಿಂದ ಬೇಗ ಮುಚ್ಚಿಕೊಳ್ಳುತ್ತದೆ.

3. ವಾರಕ್ಕೊಮ್ಮೆ ಬಲೆ ತಿಕ್ಕಿ ತೊಳೆಯಿರಿ. ವಿದ್ಯುತ್ ಪಂಪಾದರೆ ಮೇನ್ ಸ್ವಿಚ್ ಬಂದ್ ಮಾಡದೆ ನೀರಿಗೆ ಕೈ ಹಾಕಬೇಡಿರಿ. ಪಂಪು ಹೋದರೆ ಮತ್ತೊಂದು ಬಂದೀತು.

4. ಒಡ್ಡಿನ ಮೇಲೆ ಗರಿಕೆ ಬೆಳೆಸಿ, ನೀರು ಬಡಿಯುವ ಕಡೆ ಕಲ್ಲು ಹೊದಿಸಿರಿ. ಏಡಿಯ ಬಿಲ ಕಂಡರೆ ಅಂದೇ ಮಣ್ಣು ಗಿಡಿದು ಮುಚ್ಚಿರಿ.

ಪ್ಲಾಸ್ಟಿಕ್ ಹಾಳೆ ಹಾಸಿದವರು "ಮೀನು ಹಾಳೆ ಕಡಿಯುತ್ತದೆಯೇ?" ಎಂದು ಕೇಳುತ್ತಾರೆ. ನಾವು ಬಿಡುವ ಕಾಟ್ಲಾ, ರೋಹುಗಳಿಂದ ಆ ಭಯವಿಲ್ಲ. ಹಾಳೆ ಹರಿಯುವುದು ದನದ ಗೊರಸಿನಿಂದ, ಇಲಿಯಿಂದ, ನಮ್ಮದೇ ಬುಟ್ಟಿಯ ಚೂಪು ಸರಳಿನಿಂದ. ಸರಳಿನ ತುದಿ ಒಳಕ್ಕೆ ಬಾಗಿಸಿರಿ. ಭಾರಕ್ಕೆ ಕಲ್ಲಿನ ಬದಲು ಉಸುಕಿನ ಚೀಲ ಕಟ್ಟಿರಿ.

ಕೊನೆಯದಾಗಿ ಹೊಳೆಯ ಮಾತು. ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ಒಂದು ಮೀನಿದೆ. ದಕ್ಷಿಣ ಅಮೆರಿಕದ್ದು, ಮೈಯೆಲ್ಲ ಗಟ್ಟಿ ಕವಚ, ರೆಕ್ಕೆಗಳಲ್ಲಿ ಮುಳ್ಳು. ಇದನ್ನು ದೆವ್ವಮೀನು ಎಂದೂ ಕರೆಯುತ್ತಾರೆ. ಸಾಕಿ ಬೇಸರವಾದವರು ಕೆರೆಗೆ ಬಿಟ್ಟಿದ್ದರಿಂದ ಅದು ನಮ್ಮ ದೇಶದ ಅನೇಕ ನೀರುಗಳಲ್ಲಿ ಹಬ್ಬಿದೆ. ಆಂಧ್ರಪ್ರದೇಶದ ಮೀನುಗಾರರಿಗೂ ಪೀಡೆಯಾಗಿದೆ. ಬಲೆಗೆ ಸಿಕ್ಕರೆ ಬಲೆ ಹರಿಯುತ್ತದೆ. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಪೇಟೆಯಿಂದ ಮಕ್ಕಳು ಇಂಥ ಮೀನು ತಂದರೆ ಹೊಂಡಕ್ಕೂ ಬಿಡಬೇಡಿರಿ, ಪುಣ್ಯವೆಂದು ಸಂಗಮದ ನೀರಿಗೂ ಬಿಡಬೇಡಿರಿ. ಬಲೆಯನ್ನೇ ನಂಬಿ ಬದುಕುವ ಮನೆಗಳು ಈ ಹಿನ್ನೀರಿನ ದಂಡೆಯಲ್ಲಿವೆ. ನಿಮಗೆ ಪಂಪು ಹೇಗೋ ಅವರಿಗೆ ಬಲೆ ಹಾಗೆ.

ಮರಿ ತರುವ ಮೊದಲು ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಿರಿ. ಬುಟ್ಟಿ ಕಟ್ಟುವ ಕ್ರಮ ನೋಡಬೇಕೆಂದವರು ಹೇಳಿ ಕಳಿಸಿದರೆ ನಿಮ್ಮ ಹೊಲಕ್ಕೇ ಬಂದು ತೋರಿಸುತ್ತೇನೆ.