ಸೇಡಿನ ಋಣ

೨೦೦೫ರಲ್ಲಿ ಜಪಾನಿನಲ್ಲಿ ಪ್ರಸಾರವಾದ ‘ಜಿಗೊಕು ಶೋಜೊ’, ಅಂದರೆ ‘ನರಕದ ಹುಡುಗಿ’, ಎಂಬ ಅನಿಮೆ ಮಾಲಿಕೆಯ ಕರಾರು ಭಯಂಕರವಾದುದು. ನೊಂದವನಿಗೆ ಒಂದು ಹುಲ್ಲಿನ ಬೊಂಬೆ ದೊರೆಯುತ್ತದೆ. ಅದರ ಕೊರಳಿನ ಕೆಂಪು ದಾರವನ್ನು ಬಿಚ್ಚಿದರೆ ಹಗೆ ನರಕಕ್ಕೆ ಹೋಗುತ್ತಾನೆ. ಬಿಚ್ಚಿದವನಿಗೂ ಸತ್ತ ಮೇಲೆ ಅದೇ ನರಕ. ಆದರೂ ಬಿಚ್ಚುವವರಿಗೆ ಅಲ್ಲಿ ಕೊರತೆಯಿಲ್ಲ.

ಅದನ್ನು ನೋಡುವಾಗ ರಾಯಚೂರಿನವನಾದ ನನಗೆ ನಮ್ಮ ಸೀಮೆಯ ೧೮ನೆಯ ಶತಮಾನದ ಪ್ರತೀತಿಯೊಂದು ನೆನಪಾಗುತ್ತದೆ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಮಾನ್ವಿಯ ಪಂಡಿತ ಶ್ರೀನಿವಾಸಾಚಾರ್ಯರು ಹೊಟ್ಟೆನೋವಿನ ನೆವ ಹೇಳಿದರು. ಕನ್ನಡದಲ್ಲಿ ಹಾಡುವ ದಾಸರೆಂಬ ತಾತ್ಸಾರ ಅವರದು. ನೆವವೇ ನಿಜವಾಗಿ ಪ್ರಾಣಕ್ಕೆ ಬಂದಿತು. ಹಗೆ ಸಾಧಿಸಲು ವಿಜಯದಾಸರು ಸುಮ್ಮನಿದ್ದರೆ ಸಾಕಾಗಿತ್ತು. ಅವರು ಸುಮ್ಮನಿರಲಿಲ್ಲ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ರೋಗಿಯನ್ನು ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದ ೪೦ ವರ್ಷಗಳನ್ನು ಧಾರೆಯೆರೆದರಂತೆ. ಹೀಗೆ ಬದುಕುಳಿದ ಪಂಡಿತರೇ ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು.

ಎರಡು ಕಥೆಗಳಲ್ಲಿಯೂ ಅವಮಾನಕ್ಕೆ ಬೆಲೆ ತೆರಲೇಬೇಕು. ಅಲ್ಲಿ ನೊಂದವನು ಹಗೆಯಿಂದ ಬೆಲೆ ತೆಗೆಯಲು ಹೋಗಿ ತನ್ನನ್ನೂ ತೆರುತ್ತಾನೆ, ಇಬ್ಬರೂ ಕೆಡುತ್ತಾರೆ. ಇಲ್ಲಿ ನೊಂದವರ ಕಡೆಯವರೇ ಮನಸಾರೆ ತೆತ್ತರು. ಒಂದು ಜೀವ ಉಳಿಯಿತು, ಕನ್ನಡಕ್ಕೊಂದು ಕಾವ್ಯ ದಕ್ಕಿತು.