ಆರೈಕೆಯ ವೃತ್ತಿ ಎಂದರೆ ನರ್ಸಿಂಗ್ ಮಾತ್ರವೇ?

(ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನಿಗೆ ಸರ್ವಸ್ತುತಿ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್, ಸಲಾಮ್.



ಪಿಯುಸಿ ಫಲಿತಾಂಶ ಬಂದ ಮೇಲೆ ಮಗಳನ್ನು ಯಾವ ಕೋರ್ಸಿಗೆ ಸೇರಿಸುವುದೆಂಬ ಚರ್ಚೆ ನಮ್ಮ ಮನೆಗಳಲ್ಲಿ ಶುರುವಾಗುತ್ತದೆ. ನರ್ಸಿಂಗ್ ಎಂದರೆ ಈಗ ಹೆಚ್ಚಿನವರು ಒಪ್ಪುತ್ತೇವೆ. ಕೆಲಸ ಸಿಗುತ್ತದೆ, ಗಲ್ಫಿಗೂ ಹೋಗಬಹುದು. ಅದೇ ಮಗಳು ವಿಕಲಚೇತನ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ ಎಂದರೆ, "ಅದೂ ಒಂದು ಉದ್ಯೋಗವಾ?" ಎನ್ನುತ್ತೇವೆ.

ನಮ್ಮ ದೀನ್‌ನಲ್ಲಿ ಎರಡಕ್ಕೂ ಮಾದರಿ ಇದೆ. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಪ್ರವಾದಿಯವರ ಮಸೀದಿಯಲ್ಲೇ ಗುಡಾರ ಹಾಕಿಸಲಾಯಿತು. ಅಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ಮಹಿಳೆ ರುಫೈದಾ(ರ) ಎಂದು ಚರಿತ್ರೆ ಹೇಳುತ್ತದೆ. ಅದು ನರ್ಸಿಂಗ್.

ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ)ರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಅವರು ಮದೀನಾದ ಮುಅಝ್ಝಿನ್. ಬೆಳಗಾಯಿತೆಂದು ಜನರು ತಿಳಿಸಿದ ಮೇಲೆ ಅವರು ಬಾಂಗ್ ಕೊಡುತ್ತಿದ್ದರೆಂದು ಬುಖಾರಿಯ ವರದಿಯಲ್ಲಿದೆ. ಗಮನಿಸಿ, ಕಾಣುವುದಿಲ್ಲವೆಂದು ಅವರನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಕಣ್ಣಿನ ಕೆಲಸವನ್ನಷ್ಟೇ ಬೇರೆಯವರು ಮಾಡಿಕೊಟ್ಟರು. ಬಾಂಗ್ ಅವರದ್ದೇ ಆಗಿತ್ತು.

ಎರಡು ವೃತ್ತಿಗಳ ವ್ಯತ್ಯಾಸವೂ ಇಲ್ಲಿಯೇ ಇದೆ. ರೋಗಿ ಗುಣವಾಗಿ ಮನೆಗೆ ಹೋಗಲೆಂದು ನರ್ಸ್ ದುಡಿಯುತ್ತಾರೆ. ವಿಕಲಚೇತನರ ಜೊತೆ ದುಡಿಯುವವರು, ಮಗು ತಾನೇ ಉಣ್ಣಲು, ಬಟ್ಟೆ ಹಾಕಲು, ವುಝೂ ಮಾಡಲು, ಬಸ್ ಹತ್ತಲು ಕಲಿಯಲೆಂದು ವರ್ಷಗಟ್ಟಲೆ ಜೊತೆಗಿರುತ್ತಾರೆ. ತಾವೇ ಮಾಡಿಬಿಟ್ಟರೆ ಎರಡು ನಿಮಿಷದ ಕೆಲಸ. ಮಗು ಮಾಡುವ ತನಕ ಅರ್ಧ ಗಂಟೆ ಕಾಯುವುದೇ ಇಲ್ಲಿ ಬೇಕಾದ ವಿದ್ಯೆ.

ಬಿಎಸ್ಸಿ ನರ್ಸಿಂಗ್ 4 ವರ್ಷ, ಜಿಎನ್‌ಎಂ 3 ವರ್ಷ. ಬಳಿಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ. ವಿಶೇಷ ಶಿಕ್ಷಣದ ಕೋರ್ಸುಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಬೇಕು. ಫೀಸು ಕಟ್ಟುವ ಮೊದಲು ಅದನ್ನು ವಿಚಾರಿಸಿ. ವಾಕ್ ಮತ್ತು ಶ್ರವಣಕ್ಕೆ ಸಂಬಂಧಿಸಿದ ಕೋರ್ಸುಗಳು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿವೆ. 2016ರ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಅಂದರೆ ಈ ಕ್ಷೇತ್ರ ಸಣ್ಣದಲ್ಲ.

ಸಂಬಳದ ಮಾತನ್ನೂ ಮುಚ್ಚಿಡಬಾರದು. ಇಲ್ಲಿ ಹಲವೆಡೆ ಸಂಬಳ ಕಡಿಮೆ. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು ಬರೀ ಗೌರವಧನಕ್ಕೆ ದುಡಿಯುತ್ತಾರೆ. ಮನೆ ನಡೆಸಬೇಕಾದ ಮಗಳಿಗೆ ತ್ಯಾಗ ಮಾಡೆಂದು ಮಿಂಬರ್‌ನಿಂದ ಉಪದೇಶಿಸುವುದು ನ್ಯಾಯವಲ್ಲ. ಅವಳು ನರ್ಸಿಂಗ್ ಆರಿಸಿದರೆ ಅದೂ ಇಬಾದತ್ತೇ.

ಆದರೆ ಮದುವೆಗೂ ಮದ್ರಸಕ್ಕೂ ಬಾರದೆ ಒಳಕೋಣೆಯಲ್ಲೇ ಬೆಳೆಯುವ ಮಕ್ಕಳು ನಮ್ಮಲ್ಲಿದ್ದಾರೆ. ಅವರ ತಾಯಂದಿರಿಗೆ ಒಂದು ದಿನದ ಬಿಡುವೂ ಇಲ್ಲ. ಇದು ಫರ್ಝ್ ಕಿಫಾಯ. ಯಾರೂ ಮಾಡದಿದ್ದರೆ ಎಲ್ಲರೂ ಉತ್ತರ ಕೊಡಬೇಕು. ಗಂಡುಮಕ್ಕಳೂ ಈ ಕೆಲಸಕ್ಕೆ ಬರಲಿ, ಪ್ರಾಯಕ್ಕೆ ಬಂದ ಹುಡುಗನಿಗೆ ಸ್ನಾನ ಮಾಡಿಸಲು ಗಂಡಸರೇ ಬೇಕು. ಜಮಾಅತ್‌ನ ವಿದ್ಯಾರ್ಥಿವೇತನದಲ್ಲಿ ಈ ಕೋರ್ಸುಗಳಿಗೂ ಜಾಗವಿರಲಿ. ನಮ್ಮ ಮದ್ರಸಗಳಲ್ಲಿ ತರಬೇತಿ ಪಡೆದ ಒಬ್ಬರಿಗೆ ತಕ್ಕ ಸಂಬಳದ ಕೆಲಸವಿರಲಿ.

ಅಲ್ಲಾಹನು ಆರೈಕೆ ಮಾಡುವ ಕೈಗಳಿಗೆ ಬರ್ಕತ್ ನೀಡಲಿ, ಆ ಕೈಗಳಿಗೆ ಆಸರೆಯಾಗುವ ತೌಫೀಕ್ ನಮಗೆ ನೀಡಲಿ. ಆಮೀನ್.